ಸಿರಪ್ಪಿನ ಬಾಟಲಿಯಲ್ಲಿ ಔಷಧವಲ್ಲದ ಭಾಗ

ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಸಿರಪ್ಪಿನ 60 ಮಿಲಿಲೀಟರ್ ಬಾಟಲಿಯೊಂದನ್ನು ಕೈಗೆತ್ತಿಕೊಳ್ಳಿ. ಪ್ರತಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದು ಚೀಟಿಯ ಮೇಲೆ ಬರೆದಿದ್ದರೆ, ಇಡೀ ಬಾಟಲಿಯಲ್ಲಿರುವ ಔಷಧದ ತೂಕ ಒಂದೂವರೆ ಗ್ರಾಂ. ಚಿಟಿಕೆಗಿಂತ ತುಸು ಹೆಚ್ಚು ಬಿಳಿ ಪುಡಿ, ಅಷ್ಟೇ. ಉಳಿದದ್ದೆಲ್ಲ ನೀರು, ಸಕ್ಕರೆ ಅಥವಾ ಸಾರ್ಬಿಟಾಲ್, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಬಣ್ಣ, ಹಣ್ಣಿನ ಪರಿಮಳ.

ಆ ಉಳಿದದ್ದರ ಬಗ್ಗೆ ನಾವು ಯಾರೂ ಕೇಳುವುದಿಲ್ಲ. ವೈದ್ಯರು ಔಷಧದ ಹೆಸರು ಬರೆಯುತ್ತಾರೆ, ಮೆಡಿಕಲ್ ಶಾಪಿನವರು ಅದೇ ಹೆಸರು ನೋಡಿ ಬಾಟಲಿ ಕೊಡುತ್ತಾರೆ, ತಾಯಿ ಅದೇ ನಂಬಿಕೆಯಲ್ಲಿ ಮಗುವಿನ ಬಾಯಿಗೆ ಹಾಕುತ್ತಾಳೆ. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತದ್ದು ಈ ಉಳಿದದ್ದರಿಂದಲೇ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್ಪನ್ನು ಆ ರಾಜ್ಯದ ಪ್ರಯೋಗಾಲಯ ಪರೀಕ್ಷಿಸಿದಾಗ ಒಂದು ಬ್ಯಾಚಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವ ಶೇಕಡ 48.6ರಷ್ಟಿತ್ತು. ಇರಬಹುದಾದ ಗರಿಷ್ಠ ಮಿತಿ ಶೇಕಡ 0.1. ಅಂದರೆ ಮಿತಿಯ 486 ಪಟ್ಟು. ಒಂದು ಸಲಕ್ಕೆ 5 ಮಿಲಿಲೀಟರ್ ಕುಡಿದ ಮಗುವಿನ ಹೊಟ್ಟೆಗೆ ಸುಮಾರು 2.4 ಗ್ರಾಂ ವಿಷ ಹೋಯಿತು. ಆ ಸಿರಪ್ಪಿನಲ್ಲಿದ್ದ ಮೂರು ಔಷಧಗಳನ್ನು ಕೂಡಿಸಿ ತೂಗಿದರೂ ಅಷ್ಟು ಭಾರ ಬರುವುದಿಲ್ಲ.

ಕೋಲ್ಡ್ರಿಫ್ ಕರ್ನಾಟಕಕ್ಕೆ ಸರಬರಾಜಾಗಿಲ್ಲ ಎಂದು ನಮ್ಮ ಆರೋಗ್ಯ ಇಲಾಖೆ ಆಗ ಹೇಳಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಾರದು ಎಂಬ ಸೂಚನೆಯೂ ಹೊರಬಿತ್ತು. ಸೂಚನೆ ಸರಿಯಾದದ್ದೇ. ಆದರೆ ಈ ದುರಂತ ಒಂದು ಬ್ರಾಂಡಿಗೆ ಅಥವಾ ಕೆಮ್ಮು ಎಂಬ ಒಂದು ಕಾಯಿಲೆಗೆ ಸೇರಿದ್ದಲ್ಲ. ಅದರ ಬೇರು ಇನ್ನೂ ಸರಳವಾದ ಒಂದು ಪ್ರಶ್ನೆಯಲ್ಲಿದೆ: ಔಷಧವನ್ನು ನೀರಿನಲ್ಲೇ ಕರಗಿಸಿ ಕೊಡಲು ಏಕಾಗುವುದಿಲ್ಲ?

ಒಂದು ಮಿಲಿಲೀಟರ್ ನೀರು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ಎರಡು ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಅದೇ ನೀರು ಪ್ಯಾರಾಸಿಟಮಾಲನ್ನು ಕರಗಿಸಿಕೊಳ್ಳುವುದು ಸುಮಾರು 14 ಮಿಲಿಗ್ರಾಂ ಮಾತ್ರ. ನೂರು ಪಟ್ಟಿಗೂ ಮೀರಿದ ಈ ವ್ಯತ್ಯಾಸ ಹುಟ್ಟುವುದು ಅಣುಗಳ ನಡುವಿನ ಹಿಡಿತದಿಂದ. ನೀರಿನ ಅಣುಗಳು ಹೈಡ್ರೊಜನ್ ಬಂಧಗಳ ಮೂಲಕ ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಹೊರಗಿನ ಅಣು ಒಳಗೆ ಬರಬೇಕಾದರೆ ಆ ಹಿಡಿತವನ್ನು ಸಡಿಲಿಸಿ ಜಾಗ ಮಾಡಿಕೊಳ್ಳಬೇಕು, ಸಡಿಲಿಸಿದ್ದಕ್ಕೆ ಪ್ರತಿಯಾಗಿ ತಾನೂ ನೀರಿಗೆ ಹಿಡಿತ ಕೊಡಬೇಕು. ಸಕ್ಕರೆಯ ಅಣುವಿನಲ್ಲಿ ಹಾಗೆ ಹಿಡಿತ ಕೊಡಬಲ್ಲ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ. ಪ್ಯಾರಾಸಿಟಮಾಲಿನಲ್ಲಿ ಅಂಥದ್ದು ಒಂದು, ಜೊತೆಗೊಂದು ಅಮೈಡ್ ಗುಂಪು. ನಡುವೆ ನೀರಿಗಿಂತ ಎಣ್ಣೆಗೆ ಒಗ್ಗುವ ಬೆಂಜೀನ್ ಉಂಗುರ. ಸಾಲದ್ದಕ್ಕೆ ಅದರ ಹರಳೂ ಗಟ್ಟಿ. ಕಾಯಿಸಿದರೂ ಸುಮಾರು 170 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಕರಗಿ ದ್ರವವಾಗದ ಹರಳನ್ನು ನೀರು ಬಿಡಿಸಿಕೊಳ್ಳಲು ಕಷ್ಟಪಡಬೇಕಾಗುತ್ತದೆ.

ಈಗ ಬಾಟಲಿಗೆ ಹಿಂತಿರುಗಿದರೆ ಲೆಕ್ಕ ತಾನಾಗಿಯೇ ತೊಡಕಾಗುತ್ತದೆ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದರೆ ಮಿಲಿಲೀಟರಿಗೆ 25. ನೀರಿನ ಸಾಮರ್ಥ್ಯ 14. ಸ್ವಲ್ಪ ದೊಡ್ಡ ಮಕ್ಕಳಿಗೆಂದು ಮಾರುವ 250 ಮಿಲಿಗ್ರಾಮಿನ ಬಾಟಲಿಯಾದರೆ ಮಿಲಿಲೀಟರಿಗೆ 50 ಬೇಕು. ಬರೀ ನೀರಿನಲ್ಲಿ ಕೊಡುವುದಾದರೆ 10 ಕಿಲೋ ತೂಕದ ಮಗುವಿಗೆ 150 ಮಿಲಿಗ್ರಾಂ ತಲುಪಿಸಲು ಹತ್ತಿರ ಹತ್ತಿರ 11 ಮಿಲಿಲೀಟರ್ ಕಹಿ ನೀರನ್ನು ಕುಡಿಸಬೇಕು, ದಿನಕ್ಕೆ ಹಲವು ಸಲ. ಜ್ವರದಲ್ಲಿ ರಚ್ಚೆ ಹಿಡಿದ ಮಗುವಿಗೆ ಇದು ಆಗದ ಮಾತು ಎಂಬುದು ಮಕ್ಕಳನ್ನು ಸಾಕಿದ ಎಲ್ಲರಿಗೂ ಗೊತ್ತು.

ಆದ್ದರಿಂದ ನೀರಿಗೆ ಜೊತೆಗಾರನನ್ನು ಹುಡುಕುತ್ತಾರೆ. ಔಷಧ ವಿಜ್ಞಾನದಲ್ಲಿ ಇದಕ್ಕೆ ಸಹದ್ರಾವಕ ಎಂದು ಹೆಸರು. ನೀರಿನೊಂದಿಗೆ ಚೆನ್ನಾಗಿ ಬೆರೆಯಬೇಕು, ಆದರೆ ನೀರಿನಷ್ಟು ಬಿಗಿಯಾದ ಹಿಡಿತ ಇರಬಾರದು. ಈ ಬಿಗಿಯನ್ನು ಅಂದಾಜು ಮಾಡಲು ಬಳಸುವ ಒಂದು ಅಳತೆ ವಿದ್ಯುತ್ಪ್ರವೇಶಾಂಕ. ನೀರಿನದು ಸುಮಾರು 80, ಗ್ಲಿಸರಿನ್ನಿನದು 42ರ ಆಸುಪಾಸು, ಪ್ರೊಪಿಲೀನ್ ಗ್ಲೈಕಾಲಿನದು 32, ಮದ್ಯಸಾರದ್ದು 24. ಇವುಗಳಲ್ಲೊಂದನ್ನು ನೀರಿಗೆ ಸೇರಿಸುತ್ತ ಹೋದಂತೆ ಔಷಧದ ಕರಗುವಿಕೆ ಏರುತ್ತದೆ. ಆ ಏರಿಕೆ ಕೂಡುತ್ತ ಹೋಗುವ ಬಗೆಯದಲ್ಲ, ಗುಣಿಸುತ್ತ ಹೋಗುವ ಬಗೆಯದು. ಉದಾಹರಣೆಗೆ, ನೂರರಲ್ಲಿ ಹತ್ತು ಪಾಲು ಹಾಕಿದಾಗ ಒಂದೂವರೆ ಪಟ್ಟಾದದ್ದು ಇಪ್ಪತ್ತು ಪಾಲು ಹಾಕಿದಾಗ ಎರಡೂಕಾಲು ಪಟ್ಟಾಗುತ್ತದೆ. ತಯಾರಕನಿಗೆ ಸಹದ್ರಾವಕದ ಮೇಲೆ ಅಷ್ಟು ಮೋಹ ಇರುವುದು ಇದಕ್ಕೇ. ಉಷ್ಣತೆ ಇಳಿದರೆ ಕರಗುವಿಕೆಯೂ ಇಳಿಯುವುದರಿಂದ ಅವನು ಚಳಿಯ ಲೆಕ್ಕವನ್ನೂ ಹಿಡಿಯಬೇಕು. ಮಲೆನಾಡಿನ ಮನೆಗಳಲ್ಲಿ ಜೋನಿ ಬೆಲ್ಲದ ಡಬ್ಬಿಯ ತಳದಲ್ಲಿ ಚಳಿಗಾಲಕ್ಕೆ ಹರಳು ಕಟ್ಟುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ತುಂಬಿದ ಸಿರಪ್ ಮಡಿಕೇರಿಯ ಜನವರಿಯಲ್ಲೂ ತಿಳಿಯಾಗಿಯೇ ಉಳಿಯಬೇಕಾದರೆ ಸಹದ್ರಾವಕವನ್ನು ಧಾರಾಳವಾಗಿ ಹಾಕಿರಲೇಬೇಕು.

ಡೈಎಥಿಲೀನ್ ಗ್ಲೈಕಾಲಿಗೆ ಬಾಗಿಲು ತೆರೆದುಕೊಳ್ಳುವುದು ಇಲ್ಲಿ. ಅದೂ ಬಣ್ಣವಿಲ್ಲದ, ವಾಸನೆಯಿಲ್ಲದ, ಮಂದವಾದ, ಸಿಹಿ ದ್ರವ. ವಿದ್ಯುತ್ಪ್ರವೇಶಾಂಕ ಪ್ರೊಪಿಲೀನ್ ಗ್ಲೈಕಾಲಿನ ಪಕ್ಕದಲ್ಲೇ ಇದೆ. ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತದೆ, ಔಷಧವನ್ನು ಅಷ್ಟೇ ಸೊಗಸಾಗಿ ಕರಗಿಸುತ್ತದೆ. ಬ್ರೇಕ್ ದ್ರವ, ರಾಳ, ಬಣ್ಣಗಳ ಉದ್ಯಮಕ್ಕೆ ಬೇಕಾದ ಅಗ್ಗದ ರಾಸಾಯನಿಕ ಅದು. ಕರಗುವಿಕೆಯ ನಿಯಮಗಳಿಗೆ ಮೂತ್ರಪಿಂಡದ ಪರಿಚಯವಿಲ್ಲ. ಬೀಕರಿನಲ್ಲಿ ಎರಡೂ ಒಂದೇ ತೆರನಾದ ಚೆಂದದ, ತಿಳಿಯಾದ ಸಿರಪ್ಪನ್ನು ಕೊಡುತ್ತವೆ. ವ್ಯತ್ಯಾಸ ಗೊತ್ತಾಗುವುದು ದೇಹದೊಳಗೆ. ಪ್ರೊಪಿಲೀನ್ ಗ್ಲೈಕಾಲನ್ನು ಯಕೃತ್ತು ಲ್ಯಾಕ್ಟಿಕ್ ಆಮ್ಲದ ದಾರಿಗೆ ಹಚ್ಚಿ ಮುಗಿಸುತ್ತದೆ. ಡೈಎಥಿಲೀನ್ ಗ್ಲೈಕಾಲಿನಿಂದ ಡೈಗ್ಲೈಕಾಲಿಕ್ ಆಮ್ಲ ಹುಟ್ಟುತ್ತದೆ, ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳ ಜೀವಕೋಶಗಳನ್ನು ಕೊಲ್ಲುತ್ತದೆ. ವಾಂತಿ, ಹೊಟ್ಟೆನೋವು, ಆಮೇಲೆ ಮೂತ್ರ ಕಡಿಮೆಯಾಗಿ ನಿಂತೇ ಹೋಗುವುದು. ಜ್ವರ ಕೆಮ್ಮಿಗೆ ಸಿರಪ್ ಕುಡಿದ ಮಗು ಅರ್ಧ ದಿನ ಮೂತ್ರ ಮಾಡದಿದ್ದರೆ ಬಾಟಲಿಯನ್ನೂ ಜೊತೆಗೆ ಹಿಡಿದು ದೊಡ್ಡ ಆಸ್ಪತ್ರೆಗೆ ಓಡಬೇಕು. ಬೇಗ ಗುರುತಿಸಿದರೆ ಫೋಮೆಪಿಜೋಲ್ ಎಂಬ ಪ್ರತಿವಿಷ ಮತ್ತು ಡಯಾಲಿಸಿಸ್ ಇವೆ. ತಡವಾದರೆ ಅವೂ ಕೈಬಿಡುತ್ತವೆ.

ಇದು ಹೊಸದಾಗಿ ಕಂಡುಕೊಂಡ ಅಪಾಯವಾಗಿದ್ದರೆ ಒಂದು ಮಾತು. 1937ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಕಂಪನಿ ಸಲ್ಫನಿಲಮೈಡ್ ಎಂಬ ಹೊಸ ಔಷಧವನ್ನು ದ್ರವರೂಪದಲ್ಲಿ ಮಾರಲು ಹೊರಟಿತು. ಅದೂ ನೀರಿನಲ್ಲಿ ಅಷ್ಟಾಗಿ ಕರಗದ ವಸ್ತು. ಕಂಪನಿಯ ರಸಾಯನಶಾಸ್ತ್ರಜ್ಞ ಹೆರಾಲ್ಡ್ ವಾಟ್ಕಿನ್ಸ್ ಹಲವು ದ್ರಾವಕಗಳನ್ನು ಹುಡುಕಿ ಕೊನೆಗೆ ಡೈಎಥಿಲೀನ್ ಗ್ಲೈಕಾಲಿನಲ್ಲಿ ಅದು ಚೆನ್ನಾಗಿ ಕರಗುತ್ತದೆ ಎಂದು ಕಂಡುಕೊಂಡ. ರಾಸ್ಪ್‌ಬೆರಿ ಪರಿಮಳ ಸೇರಿಸಿದರು. ರುಚಿ, ನೋಟ, ವಾಸನೆಗಳನ್ನು ಪರೀಕ್ಷಿಸಿದರು. ವಿಷವೇ ಎಂದು ಮಾತ್ರ ಯಾರೂ ನೋಡಲಿಲ್ಲ, ನೋಡಬೇಕೆಂದು ಕಾನೂನೂ ಹೇಳುತ್ತಿರಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮೂರನೆಯ ಒಂದು ಪಾಲು ಮಕ್ಕಳು. ಸರಕಾರ ಆ ಬಾಟಲಿಗಳನ್ನು ಮುಟ್ಟುಗೋಲು ಹಾಕಿಕೊಳ್ಳಲು ಸಿಕ್ಕ ಕಾನೂನಿನ ಎಳೆ ಒಂದೇ: ಎಲಿಕ್ಸಿರ್ ಎಂದು ಹೆಸರಿಟ್ಟ ಮೇಲೆ ಅದರಲ್ಲಿ ಮದ್ಯಸಾರ ಇರಬೇಕು, ಇದರಲ್ಲಿ ಇರಲಿಲ್ಲ. ಮರುವರ್ಷ, 1938ರಲ್ಲಿ, ಮಾರುವ ಮುನ್ನ ಸುರಕ್ಷತೆಯನ್ನು ತೋರಿಸಬೇಕೆಂಬ ಕಾಯಿದೆ ಬಂತು.

ವಾಟ್ಕಿನ್ಸ್‌ಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಕಲಬೆರಕೆ ಗ್ಲಿಸರಿನ್ನಿನಿಂದ 14 ರೋಗಿಗಳು ಸತ್ತರು, ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. 1998ರಲ್ಲಿ ಗುರುಗ್ರಾಮದಲ್ಲಿ 33 ಮಕ್ಕಳು. 2020ರ ಆರಂಭಕ್ಕೆ ಜಮ್ಮುವಿನ ಉಧಂಪುರ ಜಿಲ್ಲೆಯ ರಾಮನಗರದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು. 2022ರಲ್ಲಿ ಭಾರತದಲ್ಲಿ ತಯಾರಾದ ಸಿರಪ್ಪುಗಳ ನಂಟು ಗ್ಯಾಂಬಿಯಾ ಮತ್ತು ಉಜ್ಬೇಕಿಸ್ತಾನದ ಹತ್ತಾರು ಮಕ್ಕಳ ಸಾವಿಗೆ ಅಂಟಿಕೊಂಡಿತು. ಅದೇ ವರ್ಷ ಇಂಡೊನೇಷ್ಯಾದಲ್ಲಿ, ಅಲ್ಲಿಯದೇ ತಯಾರಿಕೆಗಳಿಂದ, ಇನ್ನೂರಕ್ಕೂ ಹೆಚ್ಚು ಮಕ್ಕಳು. ಪ್ರತಿ ಸಲವೂ ಔಷಧ ಬೇರೆ, ಊರು ಬೇರೆ. ವಿಷ ಬಂದದ್ದು ಮಾತ್ರ ಔಷಧದ ಚೀಲದಿಂದಲ್ಲ, ದ್ರಾವಕದ ಪೀಪಾಯಿಯಿಂದ.

ಹಾಗಾದರೆ ಕರಗಿಸಲೇಬೇಕೇ? ಬೇಕಾಗಿಲ್ಲ. ಕರಗದ ಪುಡಿಯನ್ನು ನುಣ್ಣಗೆ ಅರೆದು ದ್ರವದಲ್ಲಿ ತೇಲಿಬಿಡಬಹುದು. ಇದಕ್ಕೆ ನಿಲಂಬನ ಎನ್ನುತ್ತಾರೆ. ಬಾಟಲಿಯ ಮೇಲೆ ಸಸ್ಪೆನ್ಷನ್ ಎಂದು ಬರೆದಿರುತ್ತದೆ. 250 ಮಿಲಿಗ್ರಾಮಿನ ಪ್ಯಾರಾಸಿಟಮಾಲ್ ದ್ರವಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ. ನಮ್ಮ ಕಣ್ಣಿಗೆ ಇವು ಅಷ್ಟು ಚೆಂದ ಕಾಣುವುದಿಲ್ಲ. ಅಂಗಡಿಗೆ ಬಂದು, "ಅಣ್ಣಾ, ಇದರ ತಳದಲ್ಲಿ ಬೆಳ್ಳಗೆ ಏನೋ ಕೂತಿದೆ, ಹಾಳಾಗಿರಬೇಕು, ಬೇರೆ ಕೊಡಿ" ಎನ್ನುವವರು ಇದ್ದೇ ಇರುತ್ತಾರೆ. ತಿಳಿಯಾದದ್ದು ಶುದ್ಧ, ಗಸಿ ಇರುವುದು ಕೆಟ್ಟದ್ದು ಎಂಬುದು ಕುಡಿಯುವ ನೀರಿನಿಂದ ನಾವು ಕಲಿತ ಪಾಠ. ಸಿರಪ್ಪಿಗೆ ಆ ಪಾಠ ಹೊಂದುವುದಿಲ್ಲ. ಮಕ್ಕಳನ್ನು ಕೊಂದ ದ್ರಾವಣಗಳಲ್ಲಿ ಕಣ್ಣಿಗೆ ಕಾಣುವ ಯಾವ ದೋಷವೂ ಇರಲಿಲ್ಲ. ಸಸ್ಪೆನ್ಷನ್ನಿನ ತಳದ ಬಿಳುಪು ಎಂದರೆ ನಾವು ದುಡ್ಡು ಕೊಟ್ಟು ಕೊಂಡ ಔಷಧವೇ.

ತಳಕ್ಕೆ ಕೂರುವುದಕ್ಕೂ ಒಂದು ನಿಯಮವಿದೆ. ರಾಗಿಯನ್ನು ನೆನೆಸಿ ರುಬ್ಬಿ ಬಟ್ಟೆಯಲ್ಲಿ ಸೋಸಿ ತೆಗೆದ ಹಾಲನ್ನು ಪಾತ್ರೆಯಲ್ಲಿಟ್ಟರೆ ಮೊದಲು ತರಿ ಇಳಿಯುತ್ತದೆ, ನುಣ್ಣನೆಯದು ಗಂಟೆಗಟ್ಟಲೆ ತೇಲುತ್ತಿರುತ್ತದೆ. ಕಣ ಇಳಿಯುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಗುಣ ಎಂದು ಜಾರ್ಜ್ ಸ್ಟೋಕ್ಸ್ 1851ರಲ್ಲಿ ತೋರಿಸಿಕೊಟ್ಟ. ಕಣದ ಗಾತ್ರ ಅರ್ಧಕ್ಕಿಳಿದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ದ್ರವ ಮಂದವಾದಷ್ಟೂ, ಕಣಕ್ಕೂ ದ್ರವಕ್ಕೂ ಸಾಂದ್ರತೆಯ ಅಂತರ ಕಡಿಮೆಯಾದಷ್ಟೂ ಇಳಿತ ನಿಧಾನ. ಅದಕ್ಕಾಗಿ ಪುಡಿಯನ್ನು ಅರೆಯುತ್ತಾರೆ, ಜಾಂಥನ್ ಗೋಂದಿನಂಥ ಮಂದಕಾರಿಯನ್ನು ಸೇರಿಸುತ್ತಾರೆ.

ಆದರೆ ನುಣ್ಣಗಾದಷ್ಟೂ ಒಳ್ಳೆಯದೇ? ನಿಲಂಬನಗಳ ರಸಾಯನಶಾಸ್ತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇದು. ಬಿಡಿಬಿಡಿಯಾಗಿ ತೇಲುವ ನುಣ್ಣನೆಯ ಕಣಗಳು ನಿಧಾನವಾಗಿ ಇಳಿಯುತ್ತವೆ ನಿಜ, ಆದರೆ ಇಳಿದ ಮೇಲೆ ಒಂದರ ಸಂದಿನಲ್ಲಿ ಇನ್ನೊಂದು ಕೂತು ಗಾರೆಯಂತೆ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಅಲುಗಾಡಿಸಿದರೂ ಮೇಲೇಳುವುದಿಲ್ಲ. ಅದೇ ಕಣಗಳ ಮೇಲ್ಮೈಯ ವಿದ್ಯುದಾವೇಶವನ್ನು ಸ್ವಲ್ಪ ತಗ್ಗಿಸಿದರೆ ಅವು ಅರಳಿದ ಹತ್ತಿಯಂತೆ ಸಡಿಲವಾದ ಗುಂಪುಗಳಾಗುತ್ತವೆ. ಗುಂಪುಗಳು ಬೇಗ ಇಳಿಯುತ್ತವೆ, ಮೇಲೆ ತಿಳಿನೀರು ಬಿಡುತ್ತವೆ, ನೋಡಲು ಕೆಟ್ಟದಾಗಿ ಕಾಣುತ್ತವೆ. ಆದರೆ ನಾಲ್ಕು ಸಲ ಅಲುಗಾಡಿಸಿದರೆ ಮತ್ತೆ ಒಂದೇ ಸಮನೆ ಹರಡಿಕೊಳ್ಳುತ್ತವೆ. ಒಳ್ಳೆಯ ಸಸ್ಪೆನ್ಷನ್ನನ್ನು ಅಳೆಯುವುದು ಅದು ಎಷ್ಟು ಹೊತ್ತು ತೇಲುತ್ತದೆ ಎಂಬುದರಿಂದಲ್ಲ, ಎಷ್ಟು ಸುಲಭವಾಗಿ ಮತ್ತೆ ಮೇಲೇಳುತ್ತದೆ ಎಂಬುದರಿಂದ.

"ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ" ಎಂಬ ಸಾಲಿನ ಹಿಂದಿರುವುದು ಇಷ್ಟೆಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಸಸ್ಪೆನ್ಷನ್ನಿನ ಉದಾಹರಣೆಯನ್ನು ಫಾರ್ಮಸಿ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಅಲುಗಾಡಿಸದೆ ಕೊಟ್ಟರೆ ಬಾಟಲಿಯ ಮೊದಲ ದಿನಗಳಲ್ಲಿ ಔಷಧ ಸಾಲದೆ ಮೂರ್ಛೆ ಬರಬಹುದು, ಕೊನೆಯ ದಿನಗಳಲ್ಲಿ ಅದೇ ಬಾಟಲಿಯಿಂದ ಔಷಧ ವಿಪರೀತವಾಗಿ ಮಗು ತೂರಾಡಬಹುದು. ಚೀಟಿಯ ಮೇಲಿನ ಸಂಖ್ಯೆ ಬದಲಾಗಿರುವುದಿಲ್ಲ, ಒಂದೊಂದು ಚಮಚದ ಸತ್ಯ ಮಾತ್ರ ಬದಲಾಗಿರುತ್ತದೆ.

ನಿಲಂಬನದಿಂದ ಸಹದ್ರಾವಕದ ಅಗತ್ಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಣ ಪುಡಿ ನೀರಿನಲ್ಲಿ ನೆನೆಯಲು, ಬಾಯಿಗೆ ನಯವಾಗಲು ಗ್ಲಿಸರಿನ್ ಅಥವಾ ಸಾರ್ಬಿಟಾಲ್ ದ್ರಾವಣ ಬೇಕಾಗುತ್ತದೆ. ಅಂದರೆ ಪೀಪಾಯಿ ಮತ್ತೆ ಬಂತು. ಪೀಪಾಯಿಯೊಳಗೆ ಏನಿದೆ ಎಂದು ತಿಳಿಯುವುದು ಹೇಗೆ?

ಪ್ರೊಪಿಲೀನ್ ಗ್ಲೈಕಾಲಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.04 ಗ್ರಾಂ, ಡೈಎಥಿಲೀನ್ ಗ್ಲೈಕಾಲಿನದು 1.12. ಪೂರ್ತಿ ಅದಲುಬದಲಾದ ಪೀಪಾಯಿಯನ್ನು ಒಂದು ಸಾಂದ್ರತಾಮಾಪಕವೇ ಹಿಡಿದುಕೊಡಬಲ್ಲದು. ಆದರೆ ಮೋಸ ಮಾಡುವವನು ನೀರು ಬೆರೆಸಿ ಸಂಖ್ಯೆಯನ್ನು ಹೊಂದಿಸಬಹುದು, ಶೇಕಡ ಒಂದೆರಡರ ಕಲಬೆರಕೆಯಂತೂ ಸಾಂದ್ರತೆಯಲ್ಲಿ ಕಾಣುವುದೇ ಇಲ್ಲ. ನಿಜವಾದ ಪರೀಕ್ಷೆ ಕ್ರೊಮ್ಯಾಟೊಗ್ರಫಿ, ಅಂದರೆ ಬೆರೆತದ್ದನ್ನು ಬೇರೆ ಬೇರೆ ಮಾಡಿ ನೋಡುವ ವಿಧಾನ. ಸಿಲಿಕಾ ಬಳಿದ ತಟ್ಟೆಯ ಮೇಲೆ ಹನಿಯಿಟ್ಟು ದ್ರಾವಕವನ್ನು ಏರಲು ಬಿಟ್ಟರೆ ಒಂದೊಂದು ಗ್ಲೈಕಾಲೂ ತನ್ನ ತನ್ನ ಎತ್ತರದಲ್ಲಿ ನಿಲ್ಲುತ್ತದೆ. ಸಣ್ಣ ಕಾರ್ಖಾನೆಗೂ ಕೈಗೆಟುಕುವ ವಿಧಾನ ಇದು. ಅನುಮಾನ ಬಂದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ನಿಖರವಾಗಿ ಅಳೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಎರಡು ಹಂತದ ಕ್ರಮವೂ ಇದೇ. ಬಂದ ಪ್ರತಿ ಪೀಪಾಯಿಯನ್ನೂ ತೆರೆದು ಹೀಗೆ ನೋಡಿದ್ದರೆ ಶೇಕಡ 48.6 ಎಂಬ ಸಂಖ್ಯೆ ಬಾಟಲಿಯವರೆಗೆ ಬರಲು ಸಾಧ್ಯವೇ ಇರಲಿಲ್ಲ. ಅದು ಎಲ್ಲೋ ಕೊಳವೆಯಲ್ಲಿ ಉಳಿದುಹೋದ ಹನಿಯ ಲೆಕ್ಕವಲ್ಲ, ಬಾಟಲಿಯ ಅರ್ಧದ ಲೆಕ್ಕ.

ನನ್ನನ್ನು ಹೆಚ್ಚು ನೋಯಿಸುವುದು ನಿಯಮಗಳ ಒಂದು ವಿಂಗಡಣೆ. ಗ್ಯಾಂಬಿಯಾ ಮತ್ತು ಉಜ್ಬೇಕಿಸ್ತಾನದ ಸಾವುಗಳ ನಂತರ, 2023ರ ಜೂನ್ 1ರಿಂದ, ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪುಗಳಿಗೆ ಸರಕಾರಿ ಪ್ರಯೋಗಾಲಯದ ಪ್ರಮಾಣಪತ್ರ ಕಡ್ಡಾಯವಾಯಿತು. ಒಳ್ಳೆಯ ನಿಯಮ. ದೇಶದೊಳಗೆ ಮಾರುವ ಬಾಟಲಿಗೆ ಆ ನಿಯಮ ಅನ್ವಯಿಸಲಿಲ್ಲ. ಛಿಂದ್ವಾಡಾದ ಮಕ್ಕಳು ಕುಡಿದದ್ದು ದೇಶದೊಳಗಿನ ಬಾಟಲಿ. ಅವರು ಸತ್ತ ಮೇಲೆ, 2025ರ ಅಕ್ಟೋಬರ್ 7ರಂದು, ರಾಷ್ಟ್ರೀಯ ಔಷಧ ನಿಯಂತ್ರಕರು ರಾಜ್ಯಗಳಿಗೆ ಬರೆದ ಪತ್ರದಲ್ಲಿ ಒಂದು ಮಾತಿತ್ತು: ತಪಾಸಣೆಗಳಲ್ಲಿ ಕಂಡಂತೆ, ತಯಾರಕರು ಕಚ್ಚಾವಸ್ತುಗಳ ಪ್ರತಿ ಬ್ಯಾಚನ್ನೂ ಪರೀಕ್ಷಿಸುತ್ತಿಲ್ಲ. ಪರೀಕ್ಷಿಸಬೇಕೆಂಬ ನಿಯಮ ಮೊದಲಿನಿಂದಲೂ ಇತ್ತು. ಅಪಾಯಕಾರಿ ದ್ರಾವಕಗಳ ಪೀಪಾಯಿಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನು ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಬೇಕೆಂಬ ಆದೇಶವೂ ಅದೇ ತಿಂಗಳು ಬಂತು. ದಾಖಲೆಯಿಂದ ಪೀಪಾಯಿಯ ದಾರಿ ತಿಳಿಯುತ್ತದೆ. ಒಳಗಿರುವುದು ಏನೆಂದು ತಿಳಿಯಲು ಮುಚ್ಚಳ ತೆಗೆದು ಹನಿಯನ್ನು ತಟ್ಟೆಯ ಮೇಲೆ ಇಡುವ ಕೈಯೇ ಬೇಕು, ಆ ಕೈ ಕೆಲಸ ಮಾಡಿದೆಯೇ ಎಂದು ಹಠಾತ್ತಾಗಿ ಬಂದು ನೋಡುವ ಔಷಧ ನಿರೀಕ್ಷಕರು ಬೇಕು.

ಇದರ ಜೊತೆಗೆ ಇನ್ನೊಂದು ದಾರಿಯೂ ಇದೆ. ಅಭ್ಯಾಸಬಲದಿಂದ ನಾವು ಬಿಡದ ಸಿರಪ್ಪನ್ನೇ ಆದಷ್ಟು ಕಡಿಮೆ ಮಾಡುವುದು. ಮಕ್ಕಳ ಔಷಧಗಳಿಗೆ ನೀರಿನಲ್ಲಿ ಹರಡಿಕೊಳ್ಳುವ ಮಾತ್ರೆಗಳೇ ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹಲವು ವರ್ಷಗಳಿಂದ ಹೇಳುತ್ತಿವೆ. ನ್ಯುಮೋನಿಯಾಕ್ಕೆ ಕೊಡುವ ಅಮಾಕ್ಸಿಸಿಲಿನ್ ಈಗ ಹಾಗೆ ಸಿಗುತ್ತದೆ. ದ್ರವವನ್ನು ಸಾಗಿಸುವ ಭಾರವಿಲ್ಲ, ಗಾಜು ಒಡೆಯುವ ಭಯವಿಲ್ಲ. ತಿಂಗಳುಗಟ್ಟಲೆ ನೀರಿನಲ್ಲಿ ನಿಂತು ಕೆಡುವ ಪ್ರಶ್ನೆಯೂ ಇಲ್ಲ. ಕಹಿಯನ್ನು ಮರೆಮಾಡುವುದು ಕಷ್ಟ, ತೂಕಕ್ಕೆ ತಕ್ಕಂತೆ ಪ್ರಮಾಣವನ್ನು ಹೊಂದಿಸುವುದೂ ಸಿರಪ್ಪಿನಷ್ಟು ಸಲೀಸಲ್ಲ ಎಂಬುದು ನಿಜ. ಆದರೂ ಆಗದ ಕೆಲಸವಲ್ಲ ಎಂಬುದಕ್ಕೆ ಪುರಾವೆ ನಮ್ಮ ಹಳ್ಳಿಗಳಲ್ಲೇ ಇದೆ. ಭೇದಿಯಾದ ಮಗುವಿಗೆ ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣದ ಜೊತೆ 20 ಮಿಲಿಗ್ರಾಮಿನ ಜಿಂಕ್ ಮಾತ್ರೆಗಳನ್ನೂ ಕೊಟ್ಟು, 14 ದಿನ ಬಿಡದೆ ಕೊಡಿ ಎಂದು ಹೇಳಿ ಹೋಗುತ್ತಾರೆ. ಎರಡರಿಂದ ಆರು ತಿಂಗಳೊಳಗಿನ ಕೂಸಾದರೆ ಅರ್ಧ ಮಾತ್ರೆ. ತಾಯಿ ಅದನ್ನು ಚಮಚದಲ್ಲಿಟ್ಟು ಕುದಿಸಿ ಆರಿಸಿದ ನೀರನ್ನೋ ತನ್ನದೇ ಎದೆಹಾಲನ್ನೋ ಹಾಕುತ್ತಾಳೆ. ಸ್ವಲ್ಪ ಹೊತ್ತಿನಲ್ಲೇ ಮಾತ್ರೆ ಬಿರಿದು ಬೆಳ್ಳಗೆ ಹರಡಿಕೊಳ್ಳುತ್ತದೆ. ಅದೂ ಒಂದು ನಿಲಂಬನವೇ. ಅದು ತಯಾರಾದದ್ದು ಅಡುಗೆಮನೆಯಲ್ಲಿ, ತಳಕ್ಕೆ ಕೂರುವ ಮೊದಲೇ ಮಗುವಿನ ಬಾಯಿ ಸೇರಿತು, ಅದರ ದ್ರಾವಕ ಎಲ್ಲಿಂದ ಬಂತೆಂದು ಕುಡಿಸಿದವಳಿಗೆ ಗೊತ್ತು.